ಅಕ್ಕನ ಹೆಸರಲ್ಲಿ ಎರಡು ಫಾರಂ

ಜನವರಿ 12

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೀವಿ. ಇದನ್ನ ಮೊದಲೇ ಬರೆದುಬಿಟ್ಟೆ, ಯಾಕಂದರೆ ಹೋದ ಸಲ ಕೊನೇಲಿ ಬರೆದಿದ್ದಕ್ಕೆ "ಅಲ್ಲೀತನಕ ಓದೋ ಹೊತ್ತಿಗೆ ನನ್ನ ಅರ್ಧ ಆಯಸ್ಸು ಹೋಯ್ತು" ಅಂತ ಬೈದಿದ್ದೆ. ಈಗ ವಿಷಯ. ನಮ್ಮ ಆಸ್ಪತ್ರೇನ ಎತ್ತಿಬಿಡ್ತಾರಂತೆ.

ಎತ್ತೋದು ಅಂದರೆ ಮುಚ್ಚೋದಲ್ಲ, ಗಾಬರಿ ಆಗಬೇಡ. ಕ್ಯಾನ್ಸರ್ ಆಸ್ಪತ್ರೆ ಪೂರಾ, ಹಾಸಿಗೆ, ಮೆಷೀನು, ಡಾಕ್ಟರು ಸಮೇತ, ಊರಾಚೆ ರೈಲ್ವೆ ಸ್ಟೇಷನ್ ಪಕ್ಕ ದೊಡ್ಡಾಸ್ಪತ್ರೆ ಇದೆಯಲ್ಲ, ಅದರ ಹಿಂದಿನ ಖಾಲಿ ಜಾಗಕ್ಕೆ ಹೋಗತ್ತಂತೆ. ಇನ್ನೂ ತೀರ್ಮಾನ ಆಗಿಲ್ಲ, ಮೊದಲು ಜನರನ್ನ ಕೇಳ್ತಾರಂತೆ. ಅದಕ್ಕೇ ಓಪಿಡಿ ಹಾಲಿನಲ್ಲಿ ಒಂದು ಮೇಜು ಹಾಕಿ, "ಸಾರ್ವಜನಿಕ ಅಭಿಪ್ರಾಯ ಸಂಗ್ರಹ" ಅಂತ ಬಟ್ಟೆ ಕಟ್ಟಿ, ಬೀಗ ಹಾಕಿದ ಡಬ್ಬಿ ಇಟ್ಟಿದ್ದಾರೆ. ನಾಲ್ಕು ಪುಟದ ಫಾರಂ. ರೋಗಿಗಳು, ಮನೆಯವರು, ಕೆಲಸದವರು, ಅಕ್ಕಪಕ್ಕದವರು, ಯಾರು ಬೇಕಾದರೂ ತುಂಬಬಹುದು. ಗೇಟಿನ ಎದುರು ಜೆರಾಕ್ಸ್ ಅಂಗಡಿಯವನು ಆಗಲೇ ತುಂಬಿದ. ಆಸ್ಪತ್ರೆ ಹೋದರೆ ತನ್ನ ಅಂಗಡಿ ಮುಂದೆ ನಾಯಿಯೂ ನಿಲ್ಲಲ್ಲ ಅಂತ ಬರೆದನಂತೆ.

ನಿನಗೇನೋ ಚಿಂತೆ ಅಂತ ಕೇಳ್ತೀಯ. ಹೇಳ್ತೀನಿ ಇರು. ಇಪ್ಪತ್ತಾರು ವರ್ಷದಿಂದ ಇದೇ ಕಾರಿಡಾರಿನಲ್ಲಿ ಟ್ರಾಲಿ ತಳ್ಳಿದವನು ನಾನು. ವಾರ್ಡಿನಿಂದ ಕರೆಂಟು, ಅಂದರೆ ರೇಡಿಯೇಷನ್, ಕೊಡೋ ಕೋಣೆಗೆ, ಅಲ್ಲಿಂದ ಸ್ಕ್ಯಾನಿಂಗಿಗೆ, ಮತ್ತೆ ವಾರ್ಡಿಗೆ. ನೆಲದಲ್ಲಿ ಎಲ್ಲಿ ಸಂದು ಇದೆ, ಎಲ್ಲಿ ಇಳಿಜಾರು, ಯಾವ ಲಿಫ್ಟು ನಿಲ್ಲೋವಾಗ ಎಗರತ್ತೆ, ಎಲ್ಲ ನನ್ನ ಕಾಲಿಗೇ ಗೊತ್ತು. ಹೊಸ ಕಡೆ ಹೋದರೆ ಈ ಕಾಲು ಮತ್ತೆ ಒಂದನೇ ಕ್ಲಾಸಿಗೆ ಸೇರಬೇಕು. ಈಗ ಮನೆ ಇರೋದು ಆಸ್ಪತ್ರೆ ಕಾಂಪೌಂಡಿಗೆ ಒರಗಿಕೊಂಡು. ಡ್ಯೂಟಿಗೆ ನಾಲ್ಕು ನಿಮಿಷ. ಅಲ್ಲಿಗಾದರೆ ಎರಡು ಬಸ್ಸು. ಒಂದು ಬಸ್ಸು ತಪ್ಪಿದರೆ? ಎರಡೂ ತಪ್ಪಿದರೆ? ಬಸ್ಸೇ ಕೆಟ್ಟು ನಿಂತರೆ?

ಅದೆಲ್ಲ ಇರಲಿ. ನಿನ್ನ ವಿಷಯ. ನೀನು ಆರು ತಿಂಗಳಿಗೊಮ್ಮೆ ಚೆಕಪ್ಪಿಗೆ ಬರ್ತೀಯ. ಹಿಂದಿನ ದಿನ ಬಂದು ನಮ್ಮ ಮನೇಲಿ ಇರ್ತೀಯ. ಬೆಳಿಗ್ಗೆ ನಿನ್ನ ಓಪಿಡಿ ಬಾಗಿಲಿಗೆ ಬಿಟ್ಟು ನಾನು ಡ್ಯೂಟಿಗೆ ಹೋಗ್ತೀನಿ, ಮಧ್ಯಾಹ್ನ ಒಟ್ಟಿಗೆ ಊಟ, ಸಂಜೆ ರೈಲು. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. ಆಸ್ಪತ್ರೆ ಸ್ಟೇಷನ್ ಪಕ್ಕಕ್ಕೆ ಹೋದರೆ ನೀನು ಬೆಳಿಗ್ಗೆ ಇಳಿದು, ತೋರಿಸಿಕೊಂಡು, ಮಧ್ಯಾಹ್ನದ ರೈಲಿಗೇ ವಾಪಸ್ಸು. ಊರೊಳಗೆ ಬರೋ ಪ್ರಮೇಯವೇ ಇಲ್ಲ. ನಿನಗೆ ಅನುಕೂಲವೇ. ಅನುಕೂಲ ಅಲ್ಲ ಅಂತ ನಾನು ಹೇಳ್ತಿಲ್ಲ.

ಇನ್ನೊಂದು ವಿಷಯ. ಟ್ರಾಲಿ ಮೇಲೆ ಮಲಗಿದವರನ್ನ ಯಾರಾದರೂ ಹೆಸರೇನು, ಯಾವ ವಾರ್ಡು, ಹಾಸಿಗೆ ನಂಬರೆಷ್ಟು ಅಂತ ಕೇಳಿದರೆ ಅವರ ಪರವಾಗಿ ನಾವೇ ಹೇಳೋದು ಅಭ್ಯಾಸ. ಅದೇ ಅಭ್ಯಾಸದಲ್ಲಿ ನಿನ್ನ ಹೆಸರಲ್ಲೂ ಒಂದು ಫಾರಂ ತುಂಬಿ ಡಬ್ಬಿಗೆ ಹಾಕಿದೆ. "ಸ್ಥಳಾಂತರ ಬೇಡ" ಅನ್ನೋ ಚೌಕಕ್ಕೆ ಟಿಕ್ಕು. ಸಹಿ ಕೂಡ ಸುಮಾರು ನಿನ್ನ ಥರಾನೇ ಬಂತು. ನನ್ನ ಫಾರಂ ಮಾತ್ರ ಇನ್ನೂ ತುಂಬಿಲ್ಲ, ಜೇಬಿನಲ್ಲೇ ಇದೆ.

ಮಾರ್ಚ್ ಹತ್ತಕ್ಕೆ ತಾನೇ ನಿನ್ನ ಚೆಕಪ್ಪು? ಒಂಬತ್ತಕ್ಕೆ ಸಂಜೆ ಸ್ಟೇಷನ್ನಿಗೆ ಬರ್ತೀನಿ. ರೈಲು ಲೇಟಾದರೆ ಅಲ್ಲೇ ಇರ್ತೀನಿ, ನೀನು ಅವಸರ ಮಾಡಿ ಇಳಿಯಬೇಡ.

ಇಂತಿ,
ನಿನ್ನ ತಮ್ಮ


ಜನವರಿ 20

ತಮ್ಮಾ,

ಕಾಗದ ಬಂತು. ನಿಮ್ಮ ಭಾವನಿಗೆ ಓದಿ ಹೇಳಿದೆ. ಎರಡೂ ಬಸ್ಸು ತಪ್ಪಿದರೆ ಅನ್ನೋ ಕಡೆ ಅವರು ನಕ್ಕು ಚಹಾ ನೆತ್ತಿಗೆ ಹತ್ತಿಸಿಕೊಂಡರು. ಈಗ ಅಂಗಿ ಒಗೆಯೋ ಕೆಲಸ ನಂದು.

ಯಾರನ್ನ ಕೇಳಿ ನನ್ನ ಹೆಸರಲ್ಲಿ ಟಿಕ್ಕು ಹಾಕಿದೆಯೋ? ನಾನೇನು ಟ್ರಾಲಿ ಮೇಲೆ ಮಲಗಿದ್ದೀನಾ? ಅದೇ ಫಾರಂ ನನಗೂ ಪೋಸ್ಟಲ್ಲಿ ಬಂದಿತ್ತು. ಹಳೇ ರೋಗಿಗಳಿಗೆಲ್ಲ ಕಳಿಸಿದ್ದಾರೆ. ಹೊಲಿಗೆ ಮೆಷೀನಿನ ಮೇಲೇ ಇಟ್ಟುಕೊಂಡು ತುಂಬಿ, ಆವತ್ತೇ ವಾಪಸ್ ಹಾಕಿದೆ. ಹೋಗಲಿ ಅಂತ ಬರೆದೆ. ಖಂಡಿತ ಹೋಗಲಿ ಅಂತ ಬರೆದೆ.

ಮೂರನೇ ಸಲ ಔಷಧಿ ಏರಿಸಿದ ದಿನ ನನಗೆ ಎದೆ ಹಿಡಿದುಕೊಳ್ತಲ್ಲ, ನೆನಪಿದೆಯಾ? ನಿಮ್ಮ ಆಸ್ಪತ್ರೇಲಿ ಹೃದಯ ನೋಡೋರು ಯಾರೂ ಇಲ್ಲ ಅಂತ ಆಂಬುಲೆನ್ಸಿನಲ್ಲಿ ಊರಾಚೆ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಪಕ್ಕದಲ್ಲಿ ಕೂತು ಬಂದವನು ನೀನೇ. ಎರಡೂ ಆಸ್ಪತ್ರೆ ಪಕ್ಕಪಕ್ಕ ಇದ್ದರೆ ಆ ಸವಾರಿ ಇನ್ನೊಬ್ಬರಿಗೆ ಬೇಡವಲ್ಲ. ಫಾರಂನಲ್ಲಿ ಜಾಗ ಸಾಲದೆ ಹಿಂದೆ ಕೂಡ ಬರೆದೆ.

ಆಗಿದ್ದಾಯ್ತು. ನೀನು ಈಗ ಆ ಮೇಜಿನ ಹತ್ತಿರ ಹೋಗಿ ಅದನ್ನ ತೆಗೀರಿ ಇದನ್ನ ಇಡಿ ಅಂತ ಕೆದಕೋಕೆ ಹೋಗಬೇಡ. ಎರಡು ಫಾರಂ ಒಂದನ್ನೊಂದು ಹೊಡೆದುಹಾಕತ್ತೆ, ಬಿಡು. ಸುಮ್ಮನಿರು. ನಿನ್ನ ದಮ್ಮಯ್ಯ, ಇದೊಂದು ಸಲ ಸುಮ್ಮನಿರು.

ಮೊನ್ನೆ ಫೋನ್ ಮಾಡಿದ್ದೆಯಂತೆ. ಆ ಔಷಧಿಗೆ ಮಂದ ಆದ ಕಿವಿ ಮಂದವಾಗೇ ಇದೆ, ಫೋನು ಹಿಡಿದರೆ ಬರೀ ಗುಂಯ್ ಅನ್ನತ್ತೆ. ಎದುರು ಕೂತು ಮಾತಾಡಿದರೆ ಸರಿ, ಇಲ್ಲದಿದ್ದರೆ ಬರಿ. ಬರೆದಿದ್ದನ್ನ ಎರಡು ಸಲ ಓದಬಹುದು.

ಅಕ್ಕ
(ನಿಂತುಕೊಂಡೇ ಬರೆದದ್ದು)


ಜನವರಿ 29

ಅಕ್ಕಾ,

ನಾನು ಸುಮ್ಮನಿರಲಿಲ್ಲ.

ಹೇಗಿರಲಿ? ಒಬ್ಬರ ಹೆಸರಲ್ಲಿ ಎರಡು ಫಾರಂ ಇದ್ದರೆ ಕಳ್ಳ ಸಹಿ ಅಂತ ಹಿಡೀತಾರೋ ಏನೋ, ಕೆಲಸಕ್ಕೇ ಕುತ್ತು ಬರತ್ತೋ ಏನೋ ಅಂತ ನಾಲ್ಕು ದಿನ ಆ ಮೇಜಿನ ಸುತ್ತಲೇ ಸುಳಿದಾಡಿದೆ. ಐದನೇ ದಿನ ಚಹಾ ಬಿಡುವಿನಲ್ಲಿ ಹೋದೆ. ಡಬ್ಬಿಯ ಫಾರಂಗಳನ್ನ ವಿಂಗಡಿಸೋ ಕೆಲಸ ರೆಕಾರ್ಡ್ ರೂಮಿನವರಿಗೆ ಕೊಟ್ಟಿದ್ದಾರೆ. ಅಲ್ಲಿ ಒಬ್ಬ ಹೆಂಗಸಿದ್ದಾಳೆ, ನಾವೆಲ್ಲ ಫೈಲಮ್ಮ ಅಂತ ಕರೆಯೋದು. ನಾನು ಬಾಯಿ ತೆಗೆಯೋ ಮೊದಲೇ ಎರಡೂ ಫಾರಂ ಎತ್ತಿ ನನ್ನ ಮುಂದೆ ಹಿಡಿದಳು.

"ಒಂದೇ ಹೆಸರು, ಒಂದೇ ರೋಗಿ ನಂಬರು. ಒಂದು ಹೋಗಲಿ ಅನ್ನತ್ತೆ, ಒಂದು ಬೇಡ ಅನ್ನತ್ತೆ. ನಿಮ್ಮಕ್ಕನಿಗೆ ಎರಡು ಮನಸ್ಸಾ?"

"ಇಲ್ಲಮ್ಮ, ಅದರಲ್ಲಿ ಒಂದು ಮನಸ್ಸು ನಂದು" ಅಂದೆ.

ಬೈತಾಳೆ ಅಂದುಕೊಂಡಿದ್ದೆ, ನಕ್ಕಳು. ಆದರೂ ನಿಯಮ ಅಂದರೆ ನಿಯಮ, ಹಳೇ ಸಹಿ ನೋಡಿ ಯಾವುದು ಸರಿ ಅಂತ ಗುರುತು ಹಾಕಬೇಕು ಅಂತ ನಿನ್ನ ಫೈಲು ಹುಡುಕೋಕೆ ಹೋದಳು. ನಡೀತಿರೋ ಫೈಲುಗಳ ಕಪಾಟಿನಲ್ಲಿ ಇಲ್ಲ. ಮೇಲಿನ ಸಾಲಿನಲ್ಲೂ ಇಲ್ಲ. ಕೊನೆಗೆ ನೆಲಮಾಳಿಗೆಗೆ ಇಳಿದು ಧೂಳು ಒರೆಸಿಕೊಂಡು ತಂದಳು. ತೆಗೆದು ನೋಡಿ ಹೇಳಿದಳು: "ನಿಮ್ಮಕ್ಕ ಇಲ್ಲಿ ಕೊನೇ ಸಲ ಡಾಕ್ಟರಿಗೆ ತೋರಿಸಿಕೊಂಡಿದ್ದು ನಾಲ್ಕು ವರ್ಷದ ಹಿಂದೆ ಕಣಪ್ಪ."

ನಾನು ಅಂದೆ, "ಇಲ್ಲಮ್ಮ, ಹೋದ ಸೆಪ್ಟೆಂಬರಿನಲ್ಲಿ ನಾನೇ ಬಾಗಿಲಿಗೆ ಬಿಟ್ಟಿದ್ದೀನಿ." ಅವಳು ಇನ್ನೊಂದು ಸಲ ನೋಡಿದಳು. ನಾಲ್ಕು ವರ್ಷ. ಒಳಗೇನು ಬರೆದಿದ್ದಾರೆ ಹೇಳು ಅಂತ ಅಂಗಲಾಚಿದೆ. ಅದನ್ನ ಹೇಳೋ ಅಧಿಕಾರ ನನಗಿಲ್ಲ, ನಿಮ್ಮಕ್ಕನ್ನೇ ಕೇಳು ಅಂದುಬಿಟ್ಟಳು.

ಕೇಳ್ತಿದ್ದೀನಿ ಅಕ್ಕ. ನಾಲ್ಕು ವರ್ಷಕ್ಕೆ ಎಂಟು ಸಲ ಬಂದೆ. ಎಂಟು ಸಲವೂ ನಾನು ನಿನ್ನ ಓಪಿಡಿ ಬಾಗಿಲಿಗೆ ಬಿಟ್ಟು ಹೋದೆ. ನಾನು ತಿರುಗಿದ ಮೇಲೆ ನೀನು ಎಲ್ಲಿಗೆ ಹೋಗ್ತಿದ್ದೆ? ಬೇರೆ ಆಸ್ಪತ್ರೆಗಾ? ಇವರು ಆಗಲ್ಲ ಅಂತ ಕೈಬಿಟ್ಟರಾ? ಯಾರೋ ಬೇರು ಪುಡಿ ಕೊಡೋರ ಹತ್ತಿರ ಏನಾದರೂ? ಹೋದ ಸಲ ಊಟಕ್ಕೆ ಕೂತಾಗ ನೀನು ಅನ್ನ ಅರ್ಧಕ್ಕೇ ಬಿಟ್ಟೆ. ಆಗಲೇ ನನಗೆ ಏನೋ ಅನಿಸಿತ್ತು. ಅದನ್ನ ಮನೇಲಿ ಇವಳಿಗೆ ಹೇಳಿದೆ. ಇವಳು, "ಅವತ್ತು ಉಪ್ಪು ಎರಡು ಸಲ ಹಾಕಿದ್ದೆ, ನೀವು ಹೆದರಿಕೊಂಡು ತಿಂದಿರಿ, ಅವರು ಬಿಟ್ಟರು, ಅಷ್ಟೇ" ಅಂತಾಳೆ. ಇವಳ ಮಾತು ಹೇಗೆ ನಂಬಲಿ?

ಏನಿದ್ದರೂ ಬರಿ. ಕೆಟ್ಟದ್ದಾದರೂ ಬರಿ. ನಿನ್ನ ಜೊತೆ ಎಲ್ಲಿಗೆ ಬೇಕಾದರೂ ಬರ್ತೀನಿ.

ತಮ್ಮ


ಜನವರಿ 30

ಅಕ್ಕಾ,

ನಿನ್ನೆ ಕಾಗದ ಪೋಸ್ಟಿಗೆ ಹಾಕಿ ಬಂದ ಮೇಲೆ ಇನ್ನೊಂದು ಹೊಳೀತು. ಫೈಲಮ್ಮ ನಕ್ಕಿದ್ದಳು ಅಂತ ಬರೆದೆನಲ್ಲ, ಕೆಟ್ಟ ಸುದ್ದಿ ಇದ್ದರೆ ನಗ್ತಿದ್ದಳಾ? ನಗ್ತಿರಲಿಲ್ಲ ಅಲ್ವಾ? ಆದರೆ ಅವಳು ನಕ್ಕಿದ್ದು ಫೈಲು ತರೋ ಮೊದಲು. ತಂದ ಮೇಲೆ ನಕ್ಕಳೋ ಇಲ್ಲವೋ ಜ್ಞಾಪಕ ಇಲ್ಲ. ಇವತ್ತು ಎರಡು ಸಲ ಆ ಕಡೆ ಹೋಗಿ ಬಾಗಿಲಲ್ಲಿ ಇಣುಕಿದೆ. ಎರಡನೇ ಸಲ ಅವಳು, "ಹೋಗಪ್ಪ, ಟ್ರಾಲಿ ಕಾಯ್ತಿದೆ" ಅಂದಳು.

ಒಂದೇ ಸಾಲು ಬರಿ. ಚೆನ್ನಾಗಿದ್ದೀನಿ ಅಂತಾನೋ ಇಲ್ಲ ಅಂತಾನೋ. ಉಳಿದಿದ್ದು ಆಮೇಲೆ ನೋಡಿಕೊಳ್ಳೋಣ.

ತಮ್ಮ


ಫೆಬ್ರವರಿ 4

ತಮ್ಮಾ,

ಚೆನ್ನಾಗಿದ್ದೀನಿ. ಚೆನ್ನಾಗಿದ್ದೀನಿ. ಚೆನ್ನಾಗಿದ್ದೀನಿ. ಮೂರು ಸಲ ಬರೆದಿದ್ದೀನಿ, ಈಗ ಒಂದು ಲೋಟ ನೀರು ಕುಡಿದು ಮುಂದೆ ಓದು.

ನಾಲ್ಕು ವರ್ಷದ ಹಿಂದೆ, ಚಿಕಿತ್ಸೆ ಮುಗಿದು ಐದು ವರ್ಷ ತುಂಬಿದ ದಿನ, ಡಾಕ್ಟರು ಕೈ ಕುಲುಕಿ, "ಇನ್ನು ನೀವು ಇಲ್ಲಿಗೆ ಬರೋದು ಬೇಡ, ವರ್ಷಕ್ಕೊಂದು ಸಲ ನಿಮ್ಮೂರಲ್ಲೇ ತೋರಿಸಿಕೊಂಡರೆ ಸಾಕು" ಅಂದರು. ಅವತ್ತಿಂದ ವರ್ಷಕ್ಕೊಂದು ಸಲ ಇಲ್ಲೇ ನಮ್ಮ ಬೀದಿ ಕೊನೆಯ ಆಸ್ಪತ್ರೇಲಿ ತೋರಿಸ್ತೀನಿ. ಡಿಸೆಂಬರಿನ ರಿಪೋರ್ಟು ಇದರ ಜೊತೆ ಇಟ್ಟಿದ್ದೀನಿ, ನಿಮ್ಮ ಡಾಕ್ಟರಿಗೇ ತೋರಿಸಿ ಓದಿಸಿಕೋ. ತೋರಿಸೇ ತೋರಿಸ್ತೀಯ ಅಂತ ಗೊತ್ತು.

ಹಾಗಾದರೆ ಎಂಟು ಸಲ ಯಾತಕ್ಕೆ ಬಂದೆ ಅಂತ ತಾನೇ? ನಿನ್ನ ನೋಡೋಕೆ.

ಮುಖ ಗಂಟಿಕ್ಕಬೇಡ. ಕಾಯಿಲೆ ಬರೋ ಮೊದಲು, ನಿನ್ನ ಮದುವೆಯಾದ ಮಾರನೇ ವರ್ಷ, ಸುಮ್ಮನೆ ಬರಬೇಕು ಅನಿಸಿ ಒಂದು ಸಲ ನಿಮ್ಮ ಮನೆಗೆ ಬಂದಿದ್ದೆ. ಜ್ಞಾಪಕ ಇದೆಯಾ? ಬಾಗಿಲು ತೆಗೆದವನು "ಏನಾಯ್ತು?" ಅಂದೆ. ಕೈಕಾಲು ತೊಳೆದು ಬಂದರೆ "ಭಾವ ಏನಾದರೂ ಅಂದರಾ?" ಊಟಕ್ಕೆ ಕೂತರೆ "ಮನೆ ಓನರು ಖಾಲಿ ಮಾಡಿ ಅಂದರಾ?" ಮಾರನೇ ದಿನ ರಜ ಹಾಕಿ ನನ್ನ ಜೊತೆ ರೈಲು ಹತ್ತಿ ಇಲ್ಲೀತನಕ ಬಂದು, ಮನೆ ಇದ್ದ ಹಾಗೇ ಇದೆಯಾ ಅಂತ ನೋಡಿಕೊಂಡು ಹೋದೆ. ಅವತ್ತೇ ಅಂದುಕೊಂಡೆ, ಕಾರಣ ಇಲ್ಲದೆ ಇವನ ಮನೆಗೆ ಕಾಲಿಟ್ಟರೆ ಇವನು ಕಾರಣ ಹುಡುಕಿ ಹುಡುಕಿ ಸೊರಗಿಹೋಗ್ತಾನೆ ಅಂತ. ಆಮೇಲೆ ಕಾಯಿಲೆ ಬಂತು. ಚೆಕಪ್ಪಿಗೆ ಅಂದರೆ ನೀನು ಎಷ್ಟು ನೆಮ್ಮದಿಯಾಗಿ ಬಾಗಿಲು ತೆಗೀತಿದ್ದೆ! ತಾರೀಕಿದೆ, ಚೀಟಿ ಇದೆ, ಎಲ್ಲ ಸರಿಯಾಗಿದೆ. ಆ ತಾರೀಕನ್ನ ಬಿಟ್ಟುಕೊಡೋಕೆ ನನಗೆ ಮನಸ್ಸಾಗಲಿಲ್ಲ.

ನೀನು ಬಾಗಿಲಿಗೆ ಬಿಟ್ಟು ಹೋದ ಮೇಲೆ ನಾನು ಎಲ್ಲಿಗೂ ಹೋಗ್ತಿರಲಿಲ್ಲ. ಹಾಲಿನ ಮೂರನೇ ಸಾಲಿನ ಬೆಂಚಲ್ಲಿ, ಕಂಬದ ಹಿಂದೆ ಕೂತಿರ್ತಿದ್ದೆ. ಅಲ್ಲಿಂದ ಕಾರಿಡಾರು ಕಾಣತ್ತೆ. ಒಂದು ಬೆಳಿಗ್ಗೆಗೆ ಹದಿನೈದು ಸಲವಾದರೂ ನೀನು ಟ್ರಾಲಿ ತಳ್ಳಿಕೊಂಡು ಹೋಗ್ತೀಯ. ಪ್ರತಿ ಸಂದು ಬರೋ ಮೊದಲು ನಿಲ್ಲಿಸಿ, ಬಗ್ಗಿ, "ಈಗ ಒಂದು ಸಣ್ಣ ಕುಲುಕು ಬರತ್ತೆ ಅಮ್ಮಾ, ಉಸಿರು ಹಿಡ್ಕೊಳ್ಳಿ... ಹಾಂ, ಆಯ್ತು" ಅಂತೀಯ. ಕಿವಿಗೆ ಕೇಳಿಸದಿದ್ದರೂ ನಿನ್ನ ತುಟಿ ನೋಡಿದರೆ ನನಗೆ ಗೊತ್ತಾಗತ್ತೆ. ದಾಟಿದ ಮೇಲೆ ಅವರ ಮುಖ ಸಡಿಲ ಆಗೋದು ಕಾಣತ್ತೆ.

ಅಮ್ಮ ಹಾಸಿಗೆ ಹಿಡಿದಾಗ ಆರನೇ ಕ್ಲಾಸಿಗೆ ನಿನ್ನ ಶಾಲೆ ಬಿಡಿಸಿದವಳು ನಾನು. ಮನೇಲಿ ನೋಡಿಕೊಳ್ಳೋಕೆ ಇನ್ನೊಬ್ಬರು ಬೇಕಿತ್ತು. ಇವನ ಬದುಕು ನನ್ನಿಂದ ಹಾಳಾಯ್ತೇನೋ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಆ ಬೆಂಚಲ್ಲಿ ಕೂತ ಮೇಲೆ ಅಂದುಕೊಳ್ಳೋದು ಬಿಟ್ಟೆ. ಇದನ್ನ ಎದುರಿಗೆ ಹೇಳೋಕೆ ಆಗಲ್ಲ, ಅದಕ್ಕೆ ಬರೆದೆ.

ಸುಳ್ಳು ಹೇಳಿದ್ದು ತಪ್ಪು. ಮಾರ್ಚ್ ಹತ್ತಕ್ಕೆ ಬರಲಾ?

ಅಕ್ಕ


ಮಾರ್ಚ್ 2

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೀವಿ.

ನಿನ್ನ ಆ ಕಾಗದವೂ ಬಂತು, ಆಮೇಲೆ ಬರೆದ ಎರಡೂ ಬಂತು. ಉತ್ತರ ಬರೀಲಿಲ್ಲ. ಸಿಟ್ಟಿತ್ತು. ನಾಲ್ಕು ವರ್ಷ, ಪ್ರತಿ ಮಾರ್ಚು, ಪ್ರತಿ ಸೆಪ್ಟೆಂಬರು, ನೀನು ವಾಪಸ್ ಬಂದು "ಎಲ್ಲ ಸರಿಯಾಗಿದೆಯಂತೆ" ಅನ್ನೋತನಕ ನಾನು ಚಹಾ ಕೂಡ ಮುಟ್ತಿರಲಿಲ್ಲ. ನೀನು ಕಂಬದ ಹಿಂದೆ ಕೂತು ನನ್ನ ನೋಡ್ತಿದ್ದೆ. ರಿಪೋರ್ಟು ಡಾಕ್ಟರಿಗೆ ತೋರಿಸಿದೆ, ಇಬ್ಬರಿಗೆ. ಇಬ್ಬರೂ ಒಂದೇ ಮಾತು ಹೇಳಿದರು. ಆಮೇಲೆ ಸಿಟ್ಟು ಇರೋಕೆ ಜಾಗ ಸಿಗದೆ ಹೋಯ್ತು.

ಆದರೆ ಈಗ ಕಾರಿಡಾರಿನಲ್ಲಿ ನಡೆಯೋವಾಗ ಕಂಬದ ಕಡೆ ನೋಡೋ ಹಾಗಾಗಿದೆ. ಇದೊಂದು ಹೊಸ ಉಪದ್ರ.

ಈಗ ಸಭೆ ವಿಷಯ. ಮೊನ್ನೆ ಇಪ್ಪತ್ತೇಳಕ್ಕೆ ನಮ್ಮ ಸೆಮಿನಾರ್ ಹಾಲಿನಲ್ಲಿ ಅಹವಾಲು ಸಭೆ ಇತ್ತು. ಜನ ಜಾತ್ರೆ. ವೇದಿಕೆ ಮೇಲೆ ಐದು ಜನ, ಮಧ್ಯೆ ಒಬ್ಬ ಮೇಡಂ, ಅವರ ಮುಂದೆ ಗಂಟೆ. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಟಿಣ್. ಜೆರಾಕ್ಸ್ ಅಂಗಡಿಯವನು ಟಿಣ್ ಅಂದ ಮೇಲೂ ಎರಡು ನಿಮಿಷ ಕೂಗಾಡಿದ. ದೊಡ್ಡಾಸ್ಪತ್ರೆ ಡಾಕ್ಟರೊಬ್ಬರು ನಕ್ಷೆ ತೋರಿಸಿದರು. ಒಬ್ಬರು ವಯಸ್ಸಾದವರು, ಈ ಆಸ್ಪತ್ರೆ ತೋಟದ ಮರಗಳ ಗತಿಯೇನು ಅಂತ ಕೇಳಿದರು. ಮೇಡಂ ಅದನ್ನ ಬರೆದುಕೊಂಡರು.

ನಾನು ಹೆಸರು ಕೊಟ್ಟಿರಲಿಲ್ಲ. ಫೈಲಮ್ಮ ನನ್ನ ಕೇಳದೇ ಕೊಟ್ಟಿದ್ದಳು! "ನೀನು ನಿಮ್ಮಕ್ಕನ ಪರವಾಗಿ ತುಂಬಿದೆ, ನಾನು ನಿನ್ನ ಪರವಾಗಿ ತುಂಬಿದೆ, ಸರಿಹೋಯ್ತಲ್ಲ" ಅಂದಳು. "ಟ್ರಾಲಿ ವಿಭಾಗ" ಅಂತ ಕೂಗಿದರು. ಮೈಕು ಹಿಡಿದರೆ ಅದು ಕಿರ್ರ್ ಅಂತು, ಎಲ್ಲರೂ ಕಿವಿ ಮುಚ್ಚಿಕೊಂಡರು.

ಬೇಡ ಅಂತ ಹೇಳೋಕೇ ಎದ್ದವನು. ನೆಲದಿಂದ ಶುರು ಮಾಡಿದೆ. ಕಾಯಿಲೆ ಮೂಳೆಗೆ ಇಳಿದವರಿಗೆ ಒಂದು ಸಣ್ಣ ಕುಲುಕು ಅಂದರೂ ಜೀವ ಹೋದ ಹಾಗಾಗತ್ತೆ ಸ್ವಾಮಿ, ಇಲ್ಲಿ ವಾರ್ಡಿನಿಂದ ಕರೆಂಟಿನ ಕೋಣೆಗೆ ಹದಿನೇಳು ಸಂದು ಇದೆ, ನಾವು ಹೊಸ ಟ್ರಾಲಿ ಬಂದಾಗಲೆಲ್ಲ ಅದರ ಮೇಲೆ ತುಂಬಿದ ಲೋಟ ನೀರಿಟ್ಟು ತಳ್ಳಿ ನೋಡ್ತೀವಿ, ನೀರು ಚೆಲ್ಲದ ಹಾಗೆ ನಡೆಯೋಕೆ ಬಂದ ಮೇಲೇ ಮನುಷ್ಯರನ್ನ ಮಲಗಿಸೋದು ಅಂದೆ. ಹೊಸ ಕಟ್ಟಡದ ನೆಲ ಯಾರಿಗೆ ಗೊತ್ತು ಅಂದೆ. ಚಪ್ಪಾಳೆ ಬಿತ್ತು. ಅಲ್ಲಿಗೇ ನಿಲ್ಲಿಸಿ ಕೂರಬೇಕಿತ್ತು.

ಕೂರೋಕೆ ಆಗಲಿಲ್ಲ ಅಕ್ಕ. ಆಂಬುಲೆನ್ಸು ಬಾಯಿಗೆ ಬಂತು. ಇಲ್ಲಿಂದ ದೊಡ್ಡಾಸ್ಪತ್ರೆಗೆ ಎಷ್ಟು ಹೊತ್ತು ಅಂತ ನಕ್ಷೇಲಿ ಹದಿನೆಂಟು ನಿಮಿಷ ಅಂತ ಹಾಕಿದ್ದಾರೆ, ಅದು ತಪ್ಪು ಅಂದೆ. ನಲವತ್ತೆರಡು. ನಾನು ಗಡಿಯಾರ ನೋಡ್ತಾನೇ ಇದ್ದೆ. ಎರಡು ಸಿಗ್ನಲ್ಲು, ಒಂದು ಅಗೆದ ರಸ್ತೆ, ಒಂದು ಲಾರಿ ಅಡ್ಡ ನಿಂತಿತ್ತು. ಒಳಗೆ ಮಲಗಿದ್ದವಳು ನಮ್ಮಕ್ಕ. ಎದೆ ನೋವು ಅವಳಿಗೆ, ಆದರೆ ದಾರಿಯುದ್ದಕ್ಕೂ ನನ್ನ ಕೈ ಹಿಡಿದು "ಹೆದರಬೇಡ ಕಣೋ, ಹೆದರಬೇಡ" ಅಂತಿದ್ದವಳು ಅವಳೇ ಅಂದೆ. ಅಷ್ಟರಲ್ಲಿ ಟಿಣ್ ಅಂತು. ಮೇಡಂ ಗಂಟೆ ಮೇಲೆ ಕೈ ಮುಚ್ಚಿ, "ಹೇಳಿ" ಅಂದರು.

ಇನ್ನೇನು ಹೇಳಲಿ? "ನನಗೆ ಈ ಜಾಗ ಬೇಕು. ನಮ್ಮ ಮನೆ ಪಕ್ಕದಲ್ಲೇ ಇದೆ, ಅಕ್ಕ ಬರ್ತಾಳೆ. ಆದರೆ ಆ ನಲವತ್ತೆರಡು ನಿಮಿಷ ಇನ್ನೊಬ್ಬರಿಗೆ ಬೇಡ. ಹೋಗಲಿ. ನೆಲ ಮಾತ್ರ ನೋಡಿ ಹಾಕಿಸಿ" ಅಂದು ಕೂತೆ. ಬೇಡ ಅಂತ ಹೇಳೋಕೆ ಬಂದವರು ನನ್ನ ಮುಖ ನೋಡಲಿಲ್ಲ. ಜೆರಾಕ್ಸಿನವನು ಗೇಟಿನ ಹತ್ತಿರ, "ಏನಯ್ಯಾ, ಇಷ್ಟು ದಿನ ನಮ್ಮ ಕಡೆಯವನು ಅಂದುಕೊಂಡಿದ್ದೆ" ಅಂದ. ಆದರೂ ಮಾರನೇ ದಿನ ತಾನೇ ಕರೆದು ಚಹಾ ಕೊಡಿಸಿದ.

ಮನೆಗೆ ಬಂದು ಜೇಬಿನಲ್ಲಿದ್ದ ನನ್ನ ಫಾರಂ ತುಂಬಿದೆ. ಮಡಿಕೆಯಲ್ಲಿ ಹರಿದಿತ್ತು, ಅಂಟಿಸಿ ಹಾಕಿದೆ.

ಇವಳು ನಿನ್ನ ಕೇಳ್ತಿದ್ದಾಳೆ. ಮಗಳು ಅತ್ತೆಗೆ ಹೇಳು ಅಂತ ಏನೋ ಅಂದಳು, ಮರೆತೆ.

ತಮ್ಮ


ಮಾರ್ಚ್ 15

ತಮ್ಮಾ,

ನಿನ್ನ ಕಾಗದ ಮೊದಲು ನಾನು ಓದಿದೆ, ಆಮೇಲೆ ಭಾವ ಓದಿದರು, ಆಮೇಲೆ ಭಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ನಿನ್ನ ತಮ್ಮ ಇಷ್ಟು ಮಾತಾಡ್ತಾನಾ?" ಅಂದರು. ನಾನೂ ಅದನ್ನೇ ಕೇಳಿಕೊಳ್ತಿದ್ದೀನಿ. ಆ ದಿನ ಹೆದರಬೇಡ ಅಂದಿದ್ದು ನನಗೇ ಹೇಳಿಕೊಂಡಿದ್ದು ಕಣೋ. ನಿನ್ನ ಕೈ ಸುಮ್ಮನೆ ಸಿಕ್ಕಿತ್ತು.

ಹತ್ತನೇ ತಾರೀಕು ಬರಲಾ ಅಂತ ಕೇಳಿದ್ದೆ. ನಿನ್ನ ಕಾಗದದಲ್ಲಿ ಬಾ ಅಂತಲೂ ಇರಲಿಲ್ಲ, ಬೇಡ ಅಂತಲೂ ಇರಲಿಲ್ಲ. ಹಿಂದೆ ತಿರುಗಿಸಿ ಕೂಡ ನೋಡಿದೆ. ಒಂಬತ್ತಕ್ಕೆ ಚೀಲ ಕಟ್ಟಿಟ್ಟಿದ್ದೆ. ರೈಲಿನ ಹೊತ್ತು ದಾಟಿದ ಮೇಲೆ ಬಿಚ್ಚಿದೆ. ಬೇಜಾರಿಲ್ಲ. ಸುಳ್ಳು ಹೇಳಿದವಳು ನಾನು, ಕರೆಯೋದು ನಿನ್ನ ಸರದಿ, ನಾನು ಕಾಯಬೇಕು. ಕಾಯ್ತೀನಿ.

ಶಾಲೆ ಸಮವಸ್ತ್ರಗಳು ಗುಡ್ಡೆ ಬಿದ್ದಿವೆ, ಇಷ್ಟೇ ಬರೆಯೋಕಾಗಿದ್ದು.

ಅಕ್ಕ


ಜೂನ್ 18

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೀವಿ. ಮೂರು ತಿಂಗಳಲ್ಲಿ ನಾಲ್ಕು ಕಾರ್ಡು ಬರೆದೆ. ನಾಲ್ಕರಲ್ಲೂ ಬಿಸಿಲು, ನೀರು, ಮಗಳ ಪರೀಕ್ಷೆ, ಅಷ್ಟೇ. ನೀನೂ ಅಷ್ಟಕ್ಕೇ ಉತ್ತರ ಬರೆದೆ. ಇವತ್ತು ಉದ್ದ ಬರೀತೀನಿ.

ತೀರ್ಮಾನ ಬಂತು. ಆಸ್ಪತ್ರೆ ಹೋಗತ್ತೆ. ಕಟ್ಟೋಕೆ ನಾಲ್ಕು ವರ್ಷವಂತೆ. ಎರಡು ಸಾವಿರದ ಚಿಲ್ಲರೆ ಫಾರಂ ಬಂದಿತ್ತಂತೆ, ನಿನ್ನದು ಒಂದೇ ಎಣಿಸಿದ್ದಾರೆ, ಸರಿಯಾದದ್ದು. ನಾನು ಬರೆದ ಕಳ್ಳ ಫಾರಂಗೆ ಫೈಲಮ್ಮ ನನ್ನ ಮುಂದೇನೇ ಅಡ್ಡ ಗೆರೆ ಎಳೆದು "ರದ್ದು" ಅಂತ ಬರೆದಳು. ಈ ಕಟ್ಟಡದಲ್ಲಿ ಓಪಿಡಿ ಮಾತ್ರ ಉಳಿಸ್ತಾರಂತೆ, ಮರಗಳೂ ಉಳೀತಾವಂತೆ. ಜೆರಾಕ್ಸಿನವನಿಗೆ ಅರ್ಧ ಜೀವ ಬಂದಿದೆ.

ಹೋದ ವಾರ ಇಂಜಿನಿಯರುಗಳು ಬಂದು "ಟ್ರಾಲಿಯವರು ಯಾರು" ಅಂತ ನನ್ನ ಹುಡುಕಿದರು. ನಾನು ಏನೋ ತಪ್ಪಾಯ್ತು ಅಂತ ಹಾಸಿಗೆ ಬಟ್ಟೆ ಇಡೋ ಲಿನನ್ ರೂಮಿನಲ್ಲಿ ಸ್ವಲ್ಪ ಹೊತ್ತು ಮರೆಯಾಗಿದ್ದೆ. ಆಮೇಲೆ ನೋಡಿದರೆ ನೆಲದ ವಿಷಯ. ಹದಿನೇಳು ಸಂದನ್ನೂ ತೋರಿಸಿದೆ. ಟ್ರಾಲಿ ಮೇಲೆ ಒಬ್ಬ ಇಂಜಿನಿಯರನ್ನೇ ಮಲಗಿಸಿ ತಳ್ಳಿದೆ. ಹನ್ನೊಂದನೇ ಸಂದಿನಲ್ಲಿ ಬೇಕಂತಲೇ ಹೇಳದೆ ದಾಟಿಸಿದೆ. "ಅಯ್ಯಪ್ಪಾ" ಅಂತ ಎದ್ದು ಕೂತ. ಚೆನ್ನಾಗಿರೋ ಬೆನ್ನಿಗೇ ಹೀಗೆ ಅಂದೆ. ಬರೆದುಕೊಂಡರು. ಹೊಸ ಕಡೆ ಕಾರಿಡಾರು ಒಂದೇ ಮಟ್ಟ ಇರತ್ತಂತೆ. ನೋಡಬೇಕು, ಹೇಳೋದೇ ಬೇರೆ ಕಟ್ಟೋದೇ ಬೇರೆ ಆದರೆ? ಬಸ್ಸಿನ ಚಿಂತೆ ಹಾಗೇ ಇದೆ, ಆದರೆ ಅದಕ್ಕೆ ನಾಲ್ಕು ವರ್ಷ ಇದೆ, ನಿಧಾನವಾಗಿ ಮಾಡ್ತೀನಿ.

ಈಗ ಮಾರ್ಚಿನ ವಿಷಯ. ಆ ಕಾಗದದಲ್ಲಿ ಬಾ ಅಂತ ಬರೀಲಿಲ್ಲ. ಬರೀಬಾರದು ಅಂತಲ್ಲ. ಬರೆಯೋಕೆ ಕೂತೆ. ಬಾ ಅಂತ ಹಾಕಿದ ಮೇಲೆ ಯಾತಕ್ಕೆ ಅಂತ ಹಾಕಬೇಕಲ್ಲ. ಚೆಕಪ್ಪಿಗೆ ಅಲ್ಲ, ಮದುವೆಗಲ್ಲ, ಯಾರಿಗೂ ಹುಷಾರಿಲ್ಲದೆ ಇಲ್ಲ. ಏನು ಹಾಕಿದರೂ ಹೊಂದಲಿಲ್ಲ. ಹೊಡೆದುಹಾಕಿ, ಮಗಳು ಏನೋ ಅಂದಳು ಮರೆತೆ ಅಂತ ಬರೆದುಬಿಟ್ಟೆ. ಅವಳು ಏನೂ ಅಂದಿರಲಿಲ್ಲ. ಒಂಬತ್ತನೇ ತಾರೀಕು ಸಂಜೆ ಸ್ಟೇಷನ್ನಿಗೆ ಹೋಗಿದ್ದೆ ಕೂಡ. ಆ ರೈಲಿಂದ ಇಳಿದವರೆಲ್ಲ ಹೋಗೋತನಕ ನಿಂತಿದ್ದೆ. ಇವಳಿಗೆ ಹೇಳಿರಲಿಲ್ಲ, ಈಗ ಹೇಳಿದೆ. "ನೀವಿಬ್ಬರೂ ಒಂದೇ ಅಚ್ಚಿನವರು" ಅಂತ ತಲೆ ಚಚ್ಚಿಕೊಂಡಳು. ಆಮೇಲೆ, "ಅವರೇ ಯಾಕೆ ಬರಬೇಕು? ನಿಮಗೆ ಕಾಲಿಲ್ವಾ?" ಅಂದಳು.

ಅಕ್ಕ, ಇಪ್ಪತ್ತಾರು ವರ್ಷದಲ್ಲಿ ನಾನು ರಜ ಹಾಕಿರೋದು ಜ್ವರಕ್ಕೆ, ಮಗಳು ಹುಟ್ಟಿದಾಗ, ನಿನ್ನ ಆಪರೇಷನ್ನಿಗೆ, ಮತ್ತೆ ಆ ಒಂದು ಸಲ ನಿನ್ನ ಮನೆ ಇದ್ದ ಹಾಗೇ ಇದೆಯಾ ಅಂತ ನೋಡೋಕೆ. ನಿನ್ನೆ ರಜೆಯ ಅರ್ಜಿ ತೊಗೊಂಡೆ. ಹೆಸರು, ವಿಭಾಗ, ಎಷ್ಟು ದಿನ, ಎಲ್ಲ ತುಂಬಿದೆ. ಕಾರಣ ಅನ್ನೋ ಕಡೆ ಪೆನ್ನು ನಿಂತಿತು. ಹೊಟ್ಟೆನೋವು ಅಂತ ಹಾಕೋಣ ಅನಿಸಿತು. ಸುಳ್ಳು ನಮ್ಮ ಮನೇಲಿ ಸಾಕಷ್ಟಾಗಿದೆ ಅಂತ ಬಿಟ್ಟೆ. "ಅಕ್ಕನನ್ನು ನೋಡಲು" ಅಂತ ಬರೆದೆ. ಅಷ್ಟು ದೊಡ್ಡ ಜಾಗದಲ್ಲಿ ಎರಡೇ ಮಾತು, ಬೋಳುಬೋಳಾಗಿ ಕಾಣ್ತಿತ್ತು.

ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟು ನಿಂತೆ. ಅವರು ಓದಿದರು. ಅಕ್ಕನಿಗೆ ಏನಾಗಿದೆ ಅಂತ ಕೇಳ್ತಾರೆ, ಏನೂ ಆಗಿಲ್ಲ ಅಂದರೆ ಮತ್ಯಾಕೆ ರಜ ಅಂತಾರೆ, ಅದಕ್ಕೇನು ಉತ್ತರ ಹೇಳಲಿ ಅಂತ ಒಳಗೇ ಯೋಚಿಸ್ತಿದ್ದೆ. ಏನೂ ಕೇಳಲಿಲ್ಲ. ತಲೆ ಎತ್ತದೆ ಸಹಿ ಹಾಕಿ, ಅರ್ಜಿ ಪಕ್ಕಕ್ಕಿಟ್ಟರು. ನಾನು ಇನ್ನೂ ನಿಂತೇ ಇದ್ದೆ.

"ಮತ್ತೇನು?" ಅಂದರು.

"ಕಾರಣ ಅಷ್ಟು ಸಾಕಾ ಸರ್?" ಅಂದೆ.

ಆಗ ತಲೆ ಎತ್ತಿ ನೋಡಿದರು. "ಸಾಕು ಹೋಗಯ್ಯಾ" ಅಂದರು.

ಶನಿವಾರ ಬೆಳಿಗ್ಗೆ ಹೊರಟು ಮಧ್ಯಾಹ್ನ ಹನ್ನೆರಡೂಕಾಲಿಗೆ ಅಲ್ಲಿರ್ತೀನಿ. ಮೂರು ದಿನ ಇರ್ತೀನಿ. ಏನೂ ಆಗಿಲ್ಲ.

ತಮ್ಮ